ತಕ್ಕಡಿ ತಪ್ಪು ತೋರಿಸಿದಾಗ: ಲೋಡ್ ಸೆಲ್‌ನಿಂದ ಎಡಿಸಿವರೆಗೆ ದೋಷ ಹುಡುಕುವ ಬಗೆ

ಎಲೆಕ್ಟ್ರಾನಿಕ್ ತಕ್ಕಡಿ ಕೈಕೊಟ್ಟಿತು ಅಂದ ಕೂಡಲೇ ಎಡಿಸಿ ಬೋರ್ಡ್, ಅಂದರೆ ಲೋಡ್ ಸೆಲ್ (ತೂಕಕ್ಕೆ ತಕ್ಕಂತೆ ಚೂರು ವೋಲ್ಟೇಜ್ ಕೊಡುವ ಲೋಹದ ತುಂಡು) ಕೊಟ್ಟ ವೋಲ್ಟೇಜನ್ನು ಅಂಕಿಯಾಗಿಸುವ ಬೋರ್ಡ್, ಬದಲಿಸಿಬಿಡುವುದು ರೂಢಿ. ಬೋರ್ಡ್ ಅಗ್ಗ, ನಾಲ್ಕೈದು ತಂತಿ ಬೆಸೆದರೆ ಮುಗಿಯಿತು. ಬದಲಿಸಿದ ಮೇಲೆ ಒಂದೆರಡು ದಿನ ಸರಿಯಾಗಿಯೂ ಇರುತ್ತದೆ, ಏಕೆಂದರೆ ಬಿಚ್ಚಿ ಮುಚ್ಚುವಾಗ ತಟ್ಟೆಯ ಕೆಳಗಿನ ಕಸ ಉದುರಿರುತ್ತದೆ, ಸಡಿಲ ತಂತಿ ಗಟ್ಟಿಯಾಗಿರುತ್ತದೆ. ಆಮೇಲೆ ಅದೇ ಹಾಡು. ನಿಜಕ್ಕೂ ಎಡಿಸಿ ಚಿಪ್ ಸುಟ್ಟುಹೋಗುವುದು ಅಪರೂಪ. ತಪ್ಪು ಅದರ ಮುಂದಿರುವ ಸೆಲ್, ತಂತಿ, ತೇವ, ಸಪ್ಲೈಗಳಲ್ಲಿರುತ್ತದೆ, ಇಲ್ಲವೇ ಅದರ ಹಿಂದಿರುವ ಪ್ರೋಗ್ರಾಮ್‌ನಲ್ಲಿ. ಎಡಿಸಿಯನ್ನು ಕೊನೆಗೆ ಅನುಮಾನಿಸಿ.

ಉದಾಹರಣೆಗೆ ಒಂದೇ ಯಂತ್ರ ಇಟ್ಟುಕೊಳ್ಳೋಣ: 30 ಕೆ.ಜಿ. ಸಾಮರ್ಥ್ಯದ, 5 ಗ್ರಾಂ ವಿಭಾಗದ (ಅಂದರೆ ಪರದೆಯ ಅಂಕಿ ಐದೈದು ಗ್ರಾಂನಂತೆ ಏರುವ) ಟೇಬಲ್ ತಕ್ಕಡಿ. ಒಳಗೆ 40 ಕೆ.ಜಿ.ಯ ಸಿಂಗಲ್ ಪಾಯಿಂಟ್ ಲೋಡ್ ಸೆಲ್, 350 ಓಂ ಬ್ರಿಡ್ಜ್ (ಬಾಗಿದಾಗ ರೋಧ ಬದಲಾಗುವ ನಾಲ್ಕು ಗೇಜ್‌ಗಳ ಚೌಕ, ಒಂದೊಂದು ಗೇಜ್ ಅದರ ಒಂದು ಕೈ), 2 ಮಿಲಿವೋಲ್ಟ್ ಪ್ರತಿ ವೋಲ್ಟ್, ಅಂದರೆ ಬ್ರಿಡ್ಜ್‌ಗೆ ಕೊಟ್ಟ ಪ್ರತಿ ವೋಲ್ಟ್‌ಗೆ ಪೂರ್ತಿ ತೂಕದಲ್ಲಿ 2 ಮಿಲಿವೋಲ್ಟ್. ಅದನ್ನು ಓದುವುದು ಎಲ್ಲೆಡೆ ಸಿಗುವ ಎಚ್‌ಎಕ್ಸ್711 ಎಂಬ ಎಡಿಸಿ ಚಿಪ್‌ನ ಹಸಿರು ಬೋರ್ಡ್. ಬೇರೆ ಚಿಪ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ದಾರಿ ಅದೇ.

ಮೊದಲು ಲೆಕ್ಕ, ಆಮೇಲೆ ಸ್ಕ್ರೂಡ್ರೈವರ್

ಎಷ್ಟು ಬರಬೇಕು ಅಂತ ಗೊತ್ತಿಲ್ಲದೆ ಅಳೆದರೆ ಮೀಟರ್ ತೋರಿಸಿದ್ದೆಲ್ಲ ಸರಿಯೇ ಅನ್ನಿಸುತ್ತದೆ. ಹಸಿರು ಬೋರ್ಡ್‌ನಲ್ಲಿ ಚಿಪ್‌ನದೇ ರೆಗ್ಯುಲೇಟರ್ ಇದೆ. ಅದರ ಆಧಾರ ವೋಲ್ಟೇಜ್ 1.25. ಬೋರ್ಡ್ ಮೇಲಿನ 20 ಕಿಲೋಓಂ ಮತ್ತು 8.2 ಕಿಲೋಓಂ ರೆಸಿಸ್ಟರ್‌ಗಳ ಲೆಕ್ಕದಲ್ಲಿ ಬ್ರಿಡ್ಜ್‌ಗೆ ಹೋಗುವುದು 4.3 ವೋಲ್ಟ್. 2 ಮಿಲಿವೋಲ್ಟ್ ಪ್ರತಿ ವೋಲ್ಟ್ ಸೆಲ್ 40 ಕೆ.ಜಿ.ಗೆ 8.6 ಮಿಲಿವೋಲ್ಟ್ ಕೊಡುತ್ತದೆ, ಅಂದರೆ ಕೆ.ಜಿ.ಗೆ 0.215 ಮಿಲಿವೋಲ್ಟ್. ಐದು ಗ್ರಾಂನ ಒಂದು ವಿಭಾಗಕ್ಕೆ ಸಿಗುವುದು ಒಂದು ಮೈಕ್ರೊವೋಲ್ಟ್‌ಗಿಂತ ಚೂರು ಹೆಚ್ಚು, ಅಷ್ಟೇ. ಈ ಅಂಕಿ ತಲೆಯಲ್ಲಿದ್ದರೆ ಒಂದು ಹನಿ ನೀರು, ಬೆಸುಗೆ ಹಾಕುವಾಗ ಉಳಿದ ಒಂದು ಚೂರು ಫ್ಲಕ್ಸ್ ಯಾಕೆ ಇಷ್ಟು ತೊಂದರೆ ಕೊಡುತ್ತದೆ ಅಂತ ಮತ್ತೆ ಕೇಳಬೇಕಾಗುವುದಿಲ್ಲ.

ಇನ್ನು ಕೌಂಟ್, ಅಂದರೆ ಎಡಿಸಿ ಕೊಡುವ ಕಚ್ಚಾ ಅಂಕಿಯ ಲೆಕ್ಕ. ಎಚ್‌ಎಕ್ಸ್711 ಬ್ರಿಡ್ಜ್‌ಗೆ ಕೊಡುವ ವೋಲ್ಟೇಜನ್ನೇ ರೆಫರೆನ್ಸ್ (ಹೋಲಿಕೆಯ ಅಳತೆಗೋಲು) ಮಾಡಿಕೊಳ್ಳುವುದರಿಂದ ಆ ವೋಲ್ಟೇಜ್ 4.3 ಇರಲಿ, 5 ಇರಲಿ, ಕೌಂಟ್ ಬದಲಾಗುವುದಿಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಪಟ್ಟು) 128ರಲ್ಲಿ 2 ಮಿಲಿವೋಲ್ಟ್ ಪ್ರತಿ ವೋಲ್ಟ್‌ಗೆ ಸುಮಾರು 42,95,000 ಕೌಂಟ್. 40 ಕೆ.ಜಿ.ಗೆ ಅಷ್ಟಾದರೆ ಒಂದು ಕೆ.ಜಿ.ಗೆ ಸುಮಾರು 1,07,400, ಒಂದು ಗ್ರಾಂಗೆ 107. ಕ್ಯಾಲಿಬ್ರೇಷನ್ ಯಾವುದೂ ಇಲ್ಲದೆ, ಬರೀ ಕಚ್ಚಾ ಕೌಂಟ್ ನೋಡಿ, ಒಂದು ಕೆ.ಜಿ. ಬಟ್ಟು ಇಟ್ಟಾಗ ಇಷ್ಟು ಏರಬೇಕು. ಇದಕ್ಕೆ ಹತ್ತಿರ ಬಂದರೆ ಸೆಲ್, ತಂತಿ, ಎಡಿಸಿ ಮೂರೂ ಬಹುಮಟ್ಟಿಗೆ ಸರಿ ಇವೆ. ತಪ್ಪು ಪ್ರೋಗ್ರಾಮ್‌ನಲ್ಲೋ ಉಳಿಸಿಟ್ಟ ಕ್ಯಾಲಿಬ್ರೇಷನ್ ಅಂಕಿಯಲ್ಲೋ ಇದೆ. ಹಾಗಾಗಿ ಪ್ರೋಗ್ರಾಮ್‌ನಲ್ಲಿ ಕಚ್ಚಾ ಕೌಂಟ್ ತೋರಿಸುವ ಒಂದು ಗುಟ್ಟಿನ ಬಟನ್ ಇಟ್ಟುಕೊಂಡರೆ ಮುಂದೆ ಎಷ್ಟೋ ಗಂಟೆ ಉಳಿಯುತ್ತದೆ.

ಪರೀಕ್ಷೆ ಮಾಡುವಾಗ ಆಟೋ ಝೀರೋ ಆಫ್ ಮಾಡಿ. ಖಾಲಿ ತಟ್ಟೆಯ ಸಣ್ಣ ಜಾರುವಿಕೆಯನ್ನು ಅದು ಸದ್ದಿಲ್ಲದೆ ನುಂಗಿಹಾಕುತ್ತದೆ, ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಅದರದೇ ಇನ್ನೊಂದು ಕಾಟವೂ ಇದೆ. ಅಕ್ಕಿಯನ್ನು ಸಣ್ಣಗೆ, ನಿಧಾನಕ್ಕೆ ಸುರಿದರೆ ತೂಕ ಏರುವುದೇ ಇಲ್ಲ, ಒಮ್ಮೆಲೇ ಹಾಕಿದರೆ ಸರಿಯಾಗಿ ಬರುತ್ತದೆ ಎಂಬ ದೂರು ಬಂದರೆ ಆಟೋ ಝೀರೋ ವೇಗ ಅತಿಯಾಗಿದೆ ಅಂತ ಅರ್ಥ. ಸೆಕೆಂಡಿಗೆ ಅರ್ಧ ವಿಭಾಗಕ್ಕಿಂತ ಹೆಚ್ಚು ಅದು ತಿದ್ದಬಾರದು.

ತಟ್ಟೆಯ ಕೆಳಗೆ

ತಟ್ಟೆ ತೆಗೆಯಿರಿ, ಟಾರ್ಚ್ ಹಾಕಿ ನೋಡಿ. ಅಕ್ಕಿ ಕಾಳು, ಸುತ್ತಿಕೊಂಡ ದಾರ, ಬೆಲ್ಲದ ಅಂಟು, ಸತ್ತ ಜಿರಲೆ. ಸೆಲ್ ಮೇಲಿನ ಬಾಣ ತೂಕ ಬೀಳುವ ದಿಕ್ಕಿಗೇ ಇರಬೇಕು. ಅತಿಭಾರ ತಡೆಯುವ ಸ್ಟಾಪರ್ ಸ್ಕ್ರೂ ಸೆಲ್‌ಗೆ ತಾಗುತ್ತಿದ್ದರೆ ಒಂದು ಹಂತದವರೆಗೆ ತೂಕ ಸರಿಯಿದ್ದು, ಆಮೇಲೆ ಕಡಿಮೆ ತೋರಿಸುತ್ತದೆ: 20 ಕೆ.ಜಿ.ಗೆ 20, 25ಕ್ಕೆ 24.2. ಹೀಗೆ ಒಂದು ತೂಕದಿಂದಾಚೆ ಗೆರೆ ಬಾಗಿದರೆ ಎಲೆಕ್ಟ್ರಾನಿಕ್ಸ್ ಮುಟ್ಟಲೇಬೇಡಿ. ಬಟ್ಟು ತೆಗೆದ ಮೇಲೆ ಸೊನ್ನೆಗೆ ಮರಳದೆ, ತಟ್ಟೆಯನ್ನು ಬೆರಳಲ್ಲಿ ತಟ್ಟಿದ ಕೂಡಲೇ ಸರಿಹೋದರೆ ಎಲ್ಲೋ ಉಜ್ಜುತ್ತಿದೆ. 10 ಕೆ.ಜಿ.ಯನ್ನು ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಿ. ಒಂದು ಮೂಲೆ ಮಾತ್ರ ಬೇರೆ ಹೇಳಿದರೆ ಸೆಲ್‌ನ ಬೋಲ್ಟ್ ಸಡಿಲವಾಗಿರಬೇಕು, ಇಲ್ಲವೇ ಸೆಲ್ಲೇ ತಿರುಚಿಕೊಂಡಿರಬೇಕು.

ಲೋಡ್ ಸೆಲ್ ಅಳೆಯುವುದು

ನಾಲ್ಕು ತಂತಿಗಳನ್ನೂ ಬೋರ್ಡ್‌ನಿಂದ ಬಿಚ್ಚಿ. ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ಎಕ್ಸೈಟೇಷನ್ (ಬ್ರಿಡ್ಜ್‌ಗೆ ಸಪ್ಲೈ ಕೊಡುವವು), ಹಸಿರು ಮತ್ತು ಬಿಳಿ ಸಿಗ್ನಲ್ (ತೂಕದ ಮಿಲಿವೋಲ್ಟ್ ತರುವವು). ಆದರೆ ಬಣ್ಣವನ್ನು ನಂಬಿ ಕೂರಬೇಡಿ, ತಯಾರಕರಿಂದ ತಯಾರಕರಿಗೆ ಅದು ಬದಲಾಗುತ್ತದೆ. ಓಂ ಅಳತೆ ಬಣ್ಣಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ. ಕೆಂಪು-ಕಪ್ಪು ನಡುವೆ ಸುಮಾರು 400 ಓಂ, ಹಸಿರು-ಬಿಳಿ ನಡುವೆ 350. ಎಕ್ಸೈಟೇಷನ್ ಜೋಡಿಯಲ್ಲಿ ಹೆಚ್ಚಿಗೆ ಇರುವುದು ಸೆಲ್‌ನೊಳಗೆ ಉಷ್ಣತೆಗಾಗಿ ಹಾಕಿದ ರೆಸಿಸ್ಟರ್‌ಗಳ ಪಾಲು. ಉಳಿದ ನಾಲ್ಕು ಜೋಡಿಗಳಲ್ಲಿ, ಅಂದರೆ ಒಂದು ಎಕ್ಸೈಟೇಷನ್ ಮತ್ತು ಒಂದು ಸಿಗ್ನಲ್ ಸೇರಿದ ಜೋಡಿಗಳಲ್ಲಿ, 260ರಿಂದ 300 ಓಂ ಒಳಗೆ ಬರಬೇಕು. ಕೆಂಪಿನಿಂದ ಹಸಿರಿಗೂ ಬಿಳಿಗೂ ಬರುವ ಎರಡು ಅಂಕಿ ಒಂದೇ ಇರಬೇಕು, ಕಪ್ಪಿನಿಂದ ಬರುವ ಎರಡೂ ಒಂದೇ ಇರಬೇಕು.

ಒಂದು ಗೇಜ್ ತುಂಡಾಗಿದ್ದರೆ ಗುರುತು ಸ್ಪಷ್ಟ: ಹಸಿರು-ಬಿಳಿ 350 ಬದಲು 700, ಆ ಕೈಯ ಎರಡು ತುದಿಗಳ ನಡುವೆ ಸಾವಿರದ ಆಸುಪಾಸು. ಇಂಥ ಸೆಲ್‌ಗೆ ರಿಪೇರಿ ಇಲ್ಲ.

ಓಂ ಸರಿ ಬಂದ ಮಾತ್ರಕ್ಕೆ ಸೆಲ್ ಸರಿ ಅಂತ ಹೇಳಿಬಿಡುವುದು ದೊಡ್ಡ ತಪ್ಪು. ಪೂರ್ತಿ ತೂಕ ಹಾಕಿದಾಗಲೂ ಒಂದೊಂದು ಗೇಜ್ ಬದಲಾಗುವುದು 0.7 ಓಂ ಮಾತ್ರ. ಮೂಟೆ ಎತ್ತಿ ಧೊಪ್ಪೆಂದು ಹಾಕಿ ಸೆಲ್ ಬಾಗಿದ್ದರೆ ಆ ಬಾಗು ಓಂ ಮೀಟರ್‌ಗೆ ಕಾಣುವುದಿಲ್ಲ, ಮಿಲಿವೋಲ್ಟ್‌ಗೆ ಕಾಣುತ್ತದೆ. ಸೆಲ್‌ಗೆ ಮತ್ತೆ ಸಪ್ಲೈ ಕೊಟ್ಟು, ತಟ್ಟೆ ಮತ್ತು ಅದರ ಚೌಕಟ್ಟು ತೆಗೆದು, ಹಸಿರು-ಬಿಳಿ ನಡುವೆ ಅಳೆಯಿರಿ. 4.3 ವೋಲ್ಟ್‌ಗೆ ಸೊನ್ನೆಯ ಆಚೀಚೆ ಅರ್ಧ ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಬರಿಯ ಸೆಲ್ ಎರಡು ಮಿಲಿವೋಲ್ಟ್ ತೋರಿಸುತ್ತಿದ್ದರೆ ಅದು ಹತ್ತಿರಹತ್ತಿರ 10 ಕೆ.ಜಿ. ಹೊತ್ತುಕೊಂಡಂತೆ ಶಾಶ್ವತವಾಗಿ ಬಾಗಿಬಿಟ್ಟಿದೆ. ಟೇರ್ (ಈಗಿನ ಓದನ್ನೇ ಸೊನ್ನೆ ಮಾಡುವ ಬಟನ್) ಒತ್ತಿ ಅದನ್ನು ಮರೆಮಾಡಬಹುದು, ಆದರೆ ಆ ಲೋಹ ಇನ್ನು ನೇರ ಗೆರೆಯಲ್ಲಿ ಕೆಲಸ ಮಾಡುವುದಿಲ್ಲ. ಬದಲಿಸಿ.

ಇನ್ನೊಂದು ಒಳ್ಳೆಯ ಪರೀಕ್ಷೆ: ಎಲ್ಲ ಜೋಡಣೆ ಇದ್ದಂತೆಯೇ ಇಟ್ಟು, 1 ಮೆಗಾಓಂ ರೆಸಿಸ್ಟರ್ ಅನ್ನು ಎಕ್ಸೈಟೇಷನ್ ಪ್ಲಸ್ ಮತ್ತು ಸಿಗ್ನಲ್ ಪ್ಲಸ್ ನಡುವೆ ತಾಗಿಸಿ. 350 ಓಂ ಕೈಗೆ ಅದು ಸಮಾಂತರವಾದಾಗ ಪ್ರತಿ ವೋಲ್ಟ್‌ಗೆ 0.0875 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ನಮ್ಮ ತಕ್ಕಡಿಯಲ್ಲಿ ಅದು ಸುಮಾರು 1.75 ಕೆ.ಜಿ. ಏರಿದಂತೆ ಕಾಣಬೇಕು. ಬಟ್ಟು ಇಲ್ಲದ ಜಾಗದಲ್ಲೂ ಸೆಲ್‌ನಿಂದ ಡಿಸ್ಪ್ಲೇವರೆಗಿನ ದಾರಿ ಸರಿಯಿದೆಯೇ ಅಂತ ಇದರಲ್ಲಿ ಗೊತ್ತಾಗುತ್ತದೆ. ರೆಸಿಸ್ಟರ್‌ನ ಎರಡೂ ತುದಿ ಬೆರಳಲ್ಲಿ ಹಿಡಿಯಬೇಡಿ. ಮೈಯ ರೋಧವೂ ಸೇರಿಕೊಂಡು ಅಂಕಿ ಕುಣಿಯುತ್ತದೆ.

ತಂತಿ ಉದ್ದವಾದಾಗ

ನಾಲ್ಕು ತಂತಿಯ ಸೆಲ್‌ಗೆ ಬಂದಿರುವ ಕೇಬಲ್ ಕತ್ತರಿಸಬಾರದು, ತಂತಿ ಸೇರಿಸಿ ಉದ್ದವೂ ಮಾಡಬಾರದು. ಆ ಉದ್ದದ ರೋಧವನ್ನೂ ಸೇರಿಸಿಯೇ ಸೆಲ್‌ನ ಅಂಕಿ ಬರೆದಿರುತ್ತಾರೆ. 24 ಗೇಜ್ ತಾಮ್ರದ ತಂತಿ ಮೀಟರ್‌ಗೆ 0.084 ಓಂ. 10 ಮೀಟರ್ ಉದ್ದ ಮಾಡಿದರೆ ಹೋಗಿ ಬರುವ ದಾರಿಯಲ್ಲಿ 1.7 ಓಂ, ಅಂದರೆ ತೂಕದಲ್ಲಿ ಶೇ. 0.4ರಿಂದ 0.5 ಕಡಿಮೆ. ಇದನ್ನು ಕ್ಯಾಲಿಬ್ರೇಷನ್‌ನಲ್ಲಿ ಸರಿಮಾಡಿಕೊಳ್ಳಬಹುದು ನಿಜ. ಆದರೆ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 20 ಡಿಗ್ರಿ ವ್ಯತ್ಯಾಸ ಬಂದರೆ ತಾಮ್ರದ ರೋಧ ಶೇ. 8ರಷ್ಟು ಏರುತ್ತದೆ, 30 ಕೆ.ಜಿ.ಯಲ್ಲಿ ಸುಮಾರು 10 ಗ್ರಾಂ ಹೋಗುತ್ತದೆ. ಎರಡು ವಿಭಾಗ. ಬೆಳಿಗ್ಗೆ ಸರಿ, ಮಧ್ಯಾಹ್ನ ಕಡಿಮೆ ಎಂಬ ದೂರಿಗೆ ಇದೂ ಒಂದು ಕಾರಣ.

ಉದ್ದ ಬೇಕೇ ಬೇಕಾದರೆ ಆರು ತಂತಿಯ ಕೇಬಲ್ ಹಾಕಿ, ಸೆನ್ಸ್ ತಂತಿಗಳನ್ನು (ಸೆಲ್‌ಗೆ ನಿಜಕ್ಕೂ ತಲುಪಿದ ವೋಲ್ಟೇಜ್ ತಿಳಿಸುವ ಎರಡು ಹೆಚ್ಚುವರಿ ತಂತಿ) ಎಡಿಸಿಯ ರೆಫರೆನ್ಸ್ ಪಿನ್‌ಗಳಿಗೆ ತನ್ನಿ. ಎಡಿಎಸ್1220ನಂಥ ಎಡಿಸಿ ಚಿಪ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ಕಾಲುಗಳಿವೆ. ಎಚ್‌ಎಕ್ಸ್711ನಲ್ಲಿ ಇಲ್ಲ. ಅದಕ್ಕೆ ಆರು ತಂತಿಯ ಸೆಲ್ ಹಾಕುವಾಗ ಸೆನ್ಸ್ ತಂತಿಗಳನ್ನು ಎಕ್ಸೈಟೇಷನ್ ತಂತಿಗಳಿಗೇ ಸೇರಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ, ಆರು ತಂತಿಯ ಲಾಭವೂ ಸಿಗುವುದಿಲ್ಲ.

ತೇವ: ಮಳೆಗಾಲದ ದೋಷ

ಮಲೆನಾಡಿನ ಅಡಿಕೆ ಮಂಡಿಯಲ್ಲೋ ಕರಾವಳಿಯ ಮೀನು ಮಾರುಕಟ್ಟೆಯಲ್ಲೋ ಇರುವ ತಕ್ಕಡಿ ಜೂನ್‌ನಿಂದ ಸೊನ್ನೆ ಹಿಡಿಯದೆ ಜಾರತೊಡಗಿದರೆ ಮೊದಲ ಅನುಮಾನ ತೇವದ ಮೇಲಿರಲಿ. ಲೆಕ್ಕ ನೋಡಿ. ಜಂಕ್ಷನ್ ಬಾಕ್ಸ್‌ನಲ್ಲೋ ಕನೆಕ್ಟರ್‌ನಲ್ಲೋ ಸಿಗ್ನಲ್ ಪ್ಲಸ್ ಮತ್ತು ಎಕ್ಸೈಟೇಷನ್ ಪ್ಲಸ್ ನಡುವೆ ತೇವದಿಂದ 10 ಮೆಗಾಓಂ ಸೋರಿಕೆ ಆಯಿತು ಅಂದುಕೊಳ್ಳಿ. ಸಾಮಾನ್ಯ ಎಲೆಕ್ಟ್ರಾನಿಕ್ಸ್‌ನಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಅದು 175 ಗ್ರಾಂ. ನೂರು ಮೆಗಾಓಂ ಆದರೂ 17 ಗ್ರಾಂ, ಮೂರು ವಿಭಾಗಕ್ಕೂ ಹೆಚ್ಚು. ಸಾವಿರ ಮೆಗಾಓಂ ದಾಟಿದ ಮೇಲಷ್ಟೇ ನೆಮ್ಮದಿ.

ಸಾಮಾನ್ಯ ಮಲ್ಟಿಮೀಟರ್ 20 ಅಥವಾ 40 ಮೆಗಾಓಂಗೆ ಮುಗಿಯುತ್ತದೆ. ಅದರಲ್ಲಿ ಓಪನ್ ಅಂತ ಬಂದರೂ ಸೆಲ್ ಒಣಗಿದೆ ಅಂತ ಅರ್ಥವಲ್ಲ. 50 ವೋಲ್ಟ್‌ನ ಇನ್ಸುಲೇಷನ್ ಟೆಸ್ಟರ್ ಬೇಕು. ನಾಲ್ಕೂ ತಂತಿಗಳನ್ನು ಬೋರ್ಡ್‌ನಿಂದ ಬಿಚ್ಚಿ, ಒಟ್ಟಿಗೆ ಹೊಸೆದು, ಆ ಗಂಟಿಗೂ ಸೆಲ್‌ನ ಲೋಹದ ಮೈಗೂ ನಡುವೆ ಅಳೆಯಿರಿ. ಮನೆ ವೈರಿಂಗ್‌ಗೆ ಬಳಸುವ 500 ವೋಲ್ಟ್ ಮೆಗ್ಗರ್ ಬೇಡ, ಗೇಜ್‌ನ ಅಡಿಯ ತೆಳು ಪದರ ತೂತಾದೀತು. ಬೋರ್ಡ್ ಬಿಚ್ಚದೆ ಅಳೆದರಂತೂ ಆ ದಿನ ಎಡಿಸಿಯನ್ನೂ ಬದಲಿಸಬೇಕಾಗುತ್ತದೆ.

ಸೋರಿಕೆ ಸೆಲ್ ಒಳಗಿದ್ದರೆ ಬಿಸಿಗಾಳಿಯಲ್ಲಿ ಒಣಗಿಸಿದಾಗ ಸರಿಹೋದಂತೆ ಕಂಡು ವಾರದೊಳಗೆ ಮರಳುತ್ತದೆ. ಬೋರ್ಡ್ ಮೇಲಿದ್ದರೆ ವಾಸಿ ಮಾಡಬಹುದು. ಚಿಪ್‌ನ 7 ಮತ್ತು 8ನೇ ಕಾಲುಗಳ ಸುತ್ತ, ಕನೆಕ್ಟರ್‌ನ ಬೆಸುಗೆ ಸುತ್ತ ಉಳಿದ ಫ್ಲಕ್ಸ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಒಂದೇ ಸಲ ಒರೆಸಿದರೆ ಫ್ಲಕ್ಸ್ ಹರಡಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ. ಎರಡನೇ ಸಲ ಹೊಸ ಆಲ್ಕೊಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹಾಕಿ. ಕೊಳೆಯ ಮೇಲೆ ಕೋಟಿಂಗ್ ಹೊಡೆದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆ.

ಬೋರ್ಡ್‌ನ ವೋಲ್ಟೇಜ್‌ಗಳು

ಸೆಲ್ ಜೋಡಿಸಿದ ಸ್ಥಿತಿಯಲ್ಲೇ ಅಳೆಯಬೇಕು, ಖಾಲಿ ಬೋರ್ಡ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಚಿಪ್‌ನ 6ನೇ ಕಾಲಿನಲ್ಲಿ 1.25 ವೋಲ್ಟ್ ಇರಬೇಕು. ಎಕ್ಸೈಟೇಷನ್ ಪ್ಲಸ್‌ನಲ್ಲಿ 4.3 ವೋಲ್ಟ್. ಎರಡು ಸಿಗ್ನಲ್ ತಂತಿಗಳೂ ಗ್ರೌಂಡ್‌ನಿಂದ ನೋಡಿದರೆ ಅದರ ಅರ್ಧದಲ್ಲಿ, 2.15ರ ಆಸುಪಾಸಿನಲ್ಲಿ ಇರಬೇಕು.

ಕೆಲವು ಹಸಿರು ಬೋರ್ಡ್‌ಗಳಲ್ಲಿ ಒಂದು ಹುಟ್ಟುದೋಷ ಇದೆ. ಎಕ್ಸೈಟೇಷನ್ ಮೈನಸ್ ಬೋರ್ಡ್‌ನ ಗ್ರೌಂಡ್‌ಗೆ ಸೇರಿಯೇ ಇರುವುದಿಲ್ಲ. ಸಪ್ಲೈ ತೆಗೆದು ಇವೆರಡರ ನಡುವೆ ಕಂಟಿನ್ಯೂಟಿ ನೋಡಿ. ಬೀಪ್ ಬರದಿದ್ದರೆ ಒಂದು ಸಣ್ಣ ತಂತಿ ಬೆಸೆದರೆ ಸಾಕು. ಈ ಬೋರ್ಡ್‌ಗಳನ್ನು ಕೊಂಡ ಕೂಡಲೇ, ಕೆಲಸಕ್ಕೆ ಹಾಕುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

3.3 ವೋಲ್ಟ್‌ನಲ್ಲಿ ಓಡಿಸುವವರು ಗಮನಿಸಿ. ರೆಗ್ಯುಲೇಟರ್ 4.3ಕ್ಕೆ ಯತ್ನಿಸುತ್ತಲೇ ಇರುತ್ತದೆ, ಆದರೆ ಬರುವುದೇ 3.3. ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡು ಸಪ್ಲೈಯ ಗದ್ದಲವೆಲ್ಲ ನೇರ ಬ್ರಿಡ್ಜ್‌ಗೆ ಹೋಗುತ್ತದೆ. ವೈಫೈ ಇರುವ ಮೈಕ್ರೊಕಂಟ್ರೋಲರ್ (ಪ್ರೋಗ್ರಾಮ್ ಓಡಿಸುವ ಚಿಪ್) ಜೊತೆಗಿದ್ದರೆ ಅದು ಡೇಟಾ ಕಳಿಸುವಾಗೆಲ್ಲ ತೂಕ ಹಾರುತ್ತದೆ. ಪರಿಹಾರ: 20 ಕಿಲೋಓಂ ಬದಲಿಗೆ 11 ಕಿಲೋಓಂ ಹಾಕಿ. ಆಗ ಎಕ್ಸೈಟೇಷನ್ 2.93 ವೋಲ್ಟ್‌ಗೆ ಇಳಿಯುತ್ತದೆ, ರೆಗ್ಯುಲೇಟರ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಸಿಗ್ನಲ್ ಕಡಿಮೆಯಾದರೂ ಓದು ಶಾಂತವಾಗುತ್ತದೆ. 5 ವೋಲ್ಟ್ ಕೊಟ್ಟು ಡೇಟಾ ತಂತಿಯನ್ನು ನೇರ 3.3 ವೋಲ್ಟ್ ಮೈಕ್ರೊಕಂಟ್ರೋಲರ್‌ಗೆ ಹಾಕುವುದು ಸುಲಭ ಅನ್ನಿಸಬಹುದು. ಈ ಬೋರ್ಡ್‌ನ ಡಿಜಿಟಲ್ ಸಪ್ಲೈಯೂ ಅದೇ 5 ವೋಲ್ಟ್ ಆಗಿರುವುದರಿಂದ ಮೈಕ್ರೊಕಂಟ್ರೋಲರ್‌ನ ಕಾಲಿಗೆ ಪೂರ್ತಿ 5 ಬೀಳುತ್ತದೆ.

ಬ್ರಿಡ್ಜ್‌ಗೆ ಬೇರೆ ಕಡೆಯಿಂದ, ಉದಾಹರಣೆಗೆ ನೇರ ಬ್ಯಾಟರಿಯಿಂದ, ಸಪ್ಲೈ ಕೊಟ್ಟಿದ್ದರೆ ರೆಫರೆನ್ಸ್‌ಗೂ ಬ್ರಿಡ್ಜ್‌ಗೂ ನಂಟು ತಪ್ಪುತ್ತದೆ. ಲಕ್ಷಣ ಹೀಗಿರುತ್ತದೆ: ಟೇರ್ ಮಾಡಿದ ಸೊನ್ನೆ ಹೆಚ್ಚುಕಡಿಮೆ ನಿಲ್ಲುತ್ತದೆ, ಬ್ಯಾಟರಿ ಇಳಿದಂತೆ 10 ಕೆ.ಜಿ. ಬಟ್ಟು 9.9, 9.8 ಆಗುತ್ತಾ ಹೋಗುತ್ತದೆ. 6 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿಗೆ 7805 ಎಂಬ 5 ವೋಲ್ಟ್ ರೆಗ್ಯುಲೇಟರ್ ಹಾಕಿರುವ ತಕ್ಕಡಿಗಳೂ ಕಣ್ಣಿಗೆ ಬೀಳುತ್ತವೆ. 7805ಗೆ ಸುಮಾರು 7 ವೋಲ್ಟ್ ಒಳಬರಬೇಕು, ಹಾಗಾಗಿ ಬ್ಯಾಟರಿ ತುಂಬಿದ್ದಾಗಲೂ ಅದು ಕೆಲಸ ಮಾಡುತ್ತಿರುವುದಿಲ್ಲ. ಲೋ ಡ್ರಾಪ್‌ಔಟ್ ರೆಗ್ಯುಲೇಟರ್, ಅಂದರೆ ಒಳಬರುವ ವೋಲ್ಟೇಜ್ ತುಸುವೇ ಹೆಚ್ಚಿದ್ದರೂ ಕೆಲಸ ಮಾಡುವಂಥದ್ದು, ಹಾಕಿ.

ಎಡಿಸಿಯನ್ನೇ ಒಂಟಿಯಾಗಿ ಪರೀಕ್ಷಿಸುವುದು

ಎರಡು ಸಿಗ್ನಲ್ ಇನ್‌ಪುಟ್‌ಗಳನ್ನು ಒಟ್ಟಿಗೆ ಶಾರ್ಟ್ ಮಾಡಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಹಾಗೇ ತೇಲಲು ಬಿಟ್ಟರೆ, ಅಥವಾ ಗ್ರೌಂಡ್‌ಗೆ ಸೇರಿಸಿದರೆ, ಸಿಗುವ ಅಂಕಿಗೆ ಅರ್ಥವಿಲ್ಲ. ಎಚ್‌ಎಕ್ಸ್711ನ ಇನ್‌ಪುಟ್ ಗ್ರೌಂಡ್‌ನಿಂದ 1.2 ವೋಲ್ಟ್ ಮೇಲೆ, ಎಕ್ಸೈಟೇಷನ್‌ಗಿಂತ 1.3 ವೋಲ್ಟ್ ಕೆಳಗೆ ಇರಲೇಬೇಕು. ಆದ್ದರಿಂದ ಎರಡು 1 ಕಿಲೋಓಂ ರೆಸಿಸ್ಟರ್‌ಗಳನ್ನು ಸಾಲಾಗಿ ಎಕ್ಸೈಟೇಷನ್ ಪ್ಲಸ್‌ನಿಂದ ಮೈನಸ್‌ಗೆ ಹಾಕಿ, ನಡುಬಿಂದುವಿಗೆ ಎರಡೂ ಇನ್‌ಪುಟ್ ಸೇರಿಸಿ. ಈಗ ಹತ್ತು ಸೆಕೆಂಡ್ ರೀಡಿಂಗ್ ತೆಗೆಯಿರಿ. ಸೊನ್ನೆಯೇ ಬರಬೇಕೆಂದಿಲ್ಲ, ಆಚೀಚೆ ಸಾವಿರಾರು ಕೌಂಟ್ ಇರಬಹುದು. ನಿಂತಲ್ಲೇ ನಿಲ್ಲುತ್ತದೆಯೇ ಎಂಬುದು ಮುಖ್ಯ. ಸೆಕೆಂಡಿಗೆ 10 ಓದಿನ ವೇಗದಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ 150ರಿಂದ 200 ಕೌಂಟ್ ಇದ್ದರೆ ಚಿಪ್ ಆರೋಗ್ಯವಾಗಿದೆ. ಐನೂರು ದಾಟಿದರೆ ಸಪ್ಲೈ ನೋಡಿ. ಶಾರ್ಟ್‌ನಲ್ಲಿ ಶಾಂತವಾಗಿದ್ದು ಸೆಲ್ ಹಾಕಿದ ಕೂಡಲೇ ಕುಣಿದರೆ ತಪ್ಪು ಸೆಲ್ ಅಥವಾ ಕೇಬಲ್‌ನದು, ಬೋರ್ಡ್ ಬಿಟ್ಟುಬಿಡಿ.

ಪದೇ ಪದೇ ರಿಪೇರಿ ಮಾಡುವವರು ಒಂದು ನಕಲಿ ಸೆಲ್ ಮಾಡಿಟ್ಟುಕೊಳ್ಳಬೇಕು. ನಾಲ್ಕು 1 ಕಿಲೋಓಂ ರೆಸಿಸ್ಟರ್‌ಗಳ ಬ್ರಿಡ್ಜ್, ಒಂದು ಕೈಗೆ ಸ್ವಿಚ್ ಮೂಲಕ 1 ಮೆಗಾಓಂ. ಸ್ವಿಚ್ ಒತ್ತಿದಾಗ ಸುಮಾರು 5,36,000 ಕೌಂಟ್ ಬದಲಾಗಬೇಕು. ನಮ್ಮ ತಕ್ಕಡಿಯಲ್ಲಿ ಅದು ಸರಿಯಾಗಿ 5 ಕೆ.ಜಿ. ರೆಸಿಸ್ಟರ್‌ಗಳು ಶೇ. 0.1 ನಿಖರತೆಯವೇ ಆಗಿರಲಿ. ಶೇ. 1ರವು ನಾಲ್ಕು ಸೇರಿ ಕೆಟ್ಟ ಹೊಂದಾಣಿಕೆಯಾದರೆ ಪ್ರತಿ ವೋಲ್ಟ್‌ಗೆ 10 ಮಿಲಿವೋಲ್ಟ್ ವ್ಯತ್ಯಾಸ ಬಂದು ಎಡಿಸಿ ತುಂಬಿ ತುಳುಕುತ್ತದೆ.

ಪರದೆಯ ಮೇಲಿನ ಅಂಕಿ ಏನು ಹೇಳುತ್ತದೆ

83,88,607 ಅಥವಾ ಮೈನಸ್ 83,88,608ಕ್ಕೆ ಅಂಟಿಕೊಂಡಿದ್ದರೆ ಎಡಿಸಿ ತನ್ನ ಮಿತಿ ಮುಟ್ಟಿದೆ. ಸಿಗ್ನಲ್ ತಂತಿ ತುಂಡು, ಎಕ್ಸೈಟೇಷನ್ ಮೈನಸ್ ಬಿಟ್ಟಿದೆ, ಅಥವಾ ಎಕ್ಸೈಟೇಷನ್ ತಂತಿಯೂ ಸಿಗ್ನಲ್ ತಂತಿಯೂ ಅದಲುಬದಲಾಗಿವೆ. ಸದಾ ಮೈನಸ್ 1 ಬಂದರೆ ಡೇಟಾ ತಂತಿ ಮೇಲೇ (ಹೆಚ್ಚಿನ ವೋಲ್ಟೇಜ್‌ನಲ್ಲೇ) ನಿಂತಿದೆ, ಸದಾ 0 ಬಂದರೆ ಕೆಳಗೇ ನಿಂತಿದೆ. ಎರಡೂ ಸಂಪರ್ಕದ ದೋಷ, ತೂಕದ್ದಲ್ಲ. ಡೇಟಾ ತಂತಿ ಕೆಳಗಿಳಿಯುವುದೇ ಇಲ್ಲ ಅಂದರೆ ಚಿಪ್‌ಗೆ ಸಪ್ಲೈ ಇಲ್ಲ, ಕ್ಲಾಕ್ ತಂತಿ ಮೇಲೆ ನಿಂತು ಚಿಪ್ ನಿದ್ದೆಯಲ್ಲಿದೆ, ಅಥವಾ ನೀವೇ ಮಾಡಿದ ಬೋರ್ಡ್‌ನಲ್ಲಿ 14ನೇ ಕಾಲನ್ನು ಗ್ರೌಂಡ್‌ಗೆ ಹಾಕುವುದು ಮರೆತುಹೋಗಿದೆ.

ಖಾಲಿ ತಟ್ಟೆಗೆ 1,67,77,000ರ ಆಸುಪಾಸಿನ ಅಂಕಿ ಬರುತ್ತಿದ್ದರೆ 24 ಬಿಟ್‌ನ ಋಣ ಸಂಖ್ಯೆಯನ್ನು ಪ್ರೋಗ್ರಾಮ್ ಧನ ಅಂತ ಓದುತ್ತಿದೆ. ಅಂಕಿ 83,88,607 ದಾಟಿದ್ದರೆ ಅದರಿಂದ 1,67,77,216 ಕಳೆಯಿರಿ. ತೂಕ ಇಟ್ಟಾಗ ಕೌಂಟ್ ಇಳಿದರೆ ಹಸಿರು-ಬಿಳಿ ಅದಲುಬದಲು, ಅಷ್ಟೇ.

ಸ್ವಲ್ಪ ತಲೆ ತಿನ್ನುವ ದೋಷ ಇನ್ನೊಂದಿದೆ. ಗಂಟೆಗೊಮ್ಮೆ ಇದ್ದಕ್ಕಿದ್ದಂತೆ ಒಂದು ಓದು ಮಾತ್ರ ಅರ್ಧಕ್ಕೆ ಇಳಿಯುತ್ತದೆ, ಅಥವಾ ಏನೇನೋ ಬರುತ್ತದೆ. ಎಚ್‌ಎಕ್ಸ್711ಗೆ ಮುಂದಿನ ಓದಿನ ಗೇನ್ ಯಾವುದು ಅಂತ ಹೇಳುವುದು ಕ್ಲಾಕ್ ಪಲ್ಸ್‌ಗಳ ಎಣಿಕೆ: 25 ಆದರೆ ಗೇನ್ 128, 26 ಆದರೆ ಬಿ ಚಾನೆಲ್‌ನ 32, 27 ಆದರೆ ಗೇನ್ 64. ಕ್ಲಾಕ್ ತಂತಿಯಲ್ಲಿ ಗದ್ದಲದಿಂದ ಎರಡು ಪಲ್ಸ್ ಹೆಚ್ಚು ಎಣಿಕೆಯಾದರೆ ಮುಂದಿನ ಓದು ಅರ್ಧ. ಪಲ್ಸ್ 60 ಮೈಕ್ರೊಸೆಕೆಂಡ್‌ಗಿಂತ ಹೆಚ್ಚು ಹೊತ್ತು ಮೇಲಿದ್ದರೆ ಚಿಪ್ ಮಲಗಿಬಿಡುತ್ತದೆ. ಪಲ್ಸ್ ಮಧ್ಯೆ ಇಂಟರಪ್ಟ್ ಬಂದು ಮೈಕ್ರೊಕಂಟ್ರೋಲರ್ ಬೇರೆ ಕೆಲಸಕ್ಕೆ ಹೋದರೆ ಹೀಗಾಗುತ್ತದೆ. ಓದುವ ಆ ಕ್ಷಣ ಇಂಟರಪ್ಟ್ ನಿಲ್ಲಿಸಿ, ಕ್ಲಾಕ್ ತಂತಿ ಗಿಡ್ಡವಾಗಿರಲಿ.

ನಿಲ್ಲದೆ ಕುಣಿಯುವ ಓದು

ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಶಾಂತವಾದರೆ ತಪ್ಪು ಚಾರ್ಜರ್‌ನದು. ಪಕ್ಕದಲ್ಲಿ ಮೊಬೈಲ್ ಫೋನ್ ಕರೆ ಮಾಡಿದಾಗ ಹಾರಿದರೆ, ಇನ್‌ಪುಟ್ ಕಾಲುಗಳ ಹತ್ತಿರವೇ ಪ್ರತಿ ತಂತಿಗೆ ಸಾಲಾಗಿ 1 ಕಿಲೋಓಂ, ಗ್ರೌಂಡ್‌ಗೆ 100 ಪಿಕೊಫ್ಯಾರಡ್ ಹಾಕಿ. ಎರಡೂ ಕಡೆ ಒಂದೇ ಬೆಲೆಯವು ಇರಲಿ. ಕೇಬಲ್‌ನ ಶೀಲ್ಡ್ ಒಂದೇ ತುದಿಯಲ್ಲಿ ಗ್ರೌಂಡ್ ಆಗಬೇಕು.

ವೇಗಕ್ಕಾಗಿ 15ನೇ ಕಾಲಿಗೆ ಸಪ್ಲೈ ವೋಲ್ಟೇಜ್ ಕೊಟ್ಟು ಸೆಕೆಂಡಿಗೆ 80 ಓದು ಮಾಡಿಕೊಂಡಿದ್ದರೆ 50 ಹರ್ಟ್ಸ್ ಮೇನ್ಸ್ ಗದ್ದಲವನ್ನು ಚಿಪ್ ತಡೆಯುವುದಿಲ್ಲ. 10ರ ವೇಗದಲ್ಲಿ ತಡೆಯುತ್ತದೆ. 80 ಬೇಕೇ ಬೇಕಾದರೆ 8 ಅಥವಾ 16 ಓದುಗಳ ಸರಾಸರಿ ತೆಗೆಯಿರಿ, 10 ಅಲ್ಲ. 8 ಓದು ಅಂದರೆ ನೂರು ಮಿಲಿಸೆಕೆಂಡ್, 50 ಹರ್ಟ್ಸ್‌ನ ಐದು ಪೂರ್ತಿ ಸುತ್ತು, ಗದ್ದಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 10 ಓದಿನಲ್ಲಿ ಸುತ್ತು ಅರ್ಧಕ್ಕೆ ಕಡಿದು ಉಳಿಕೆ ನಿಂತುಬಿಡುತ್ತದೆ.

ಬ್ಯಾಟರಿ ಬೇಗ ಮುಗಿದರೆ, ನಿದ್ದೆಯಿಂದೆದ್ದ ಓದು ತಪ್ಪಿದರೆ

ಎಚ್‌ಎಕ್ಸ್711 ಕುಡಿಯುವುದು 1.5 ಮಿಲಿಆಂಪಿಯರ್, 400 ಓಂ ಬ್ರಿಡ್ಜ್ ಕುಡಿಯುವುದು 10.7. ಇನ್ನೂ ಮಿತವ್ಯಯದ ಎಡಿಸಿ ಹುಡುಕಿದರೆ ಹೆಚ್ಚೇನೂ ಉಳಿಯುವುದಿಲ್ಲ, ಬ್ರಿಡ್ಜನ್ನು ಆಫ್ ಮಾಡಬೇಕು. ಬೋರ್ಡ್‌ನ ರೆಗ್ಯುಲೇಟರ್ ಬಳಸಿದ್ದರೆ ಚಿಪ್ ಮಲಗಿದಾಗ ಬ್ರಿಡ್ಜ್ ಕೂಡ ಆಫ್ ಆಗುತ್ತದೆ. ನಿದ್ದೆಯಲ್ಲೂ 10 ಮಿಲಿಆಂಪಿಯರ್ ಹರಿಯುತ್ತಿದ್ದರೆ ಎರಡರಲ್ಲೊಂದು: ಬ್ರಿಡ್ಜ್ ರೆಗ್ಯುಲೇಟರ್ ದಾಟಿ ನೇರ ಸಪ್ಲೈಗೆ ಹೋಗಿದೆ, ಅಥವಾ ಮೈಕ್ರೊಕಂಟ್ರೋಲರ್ ಮಲಗಿದಾಗ ಕ್ಲಾಕ್ ಕಾಲು ತೇಲಿ ಕೆಳಗಿಳಿದು ಎಡಿಸಿ ಎದ್ದು ಕೂತಿದೆ. ಎರಡನೆಯದಕ್ಕೆ ಕ್ಲಾಕ್ ತಂತಿಗೆ 100 ಕಿಲೋಓಂ ಪುಲ್‌ಅಪ್ (ತಂತಿಯನ್ನು ಮೇಲೇ ಹಿಡಿದಿಡುವ ರೆಸಿಸ್ಟರ್) ಸಾಕು.

ಎದ್ದ ಮೇಲೆ 10ರ ವೇಗದಲ್ಲಿ 400 ಮಿಲಿಸೆಕೆಂಡ್, 80ರಲ್ಲಿ 50 ಮಿಲಿಸೆಕೆಂಡ್ ಬೇಕು ಅದಕ್ಕೆ ನೆಲೆಯಾಗಲು. ಅಷ್ಟರೊಳಗಿನ ಓದುಗಳನ್ನು ಎಸೆಯಿರಿ. ಸೆಕೆಂಡಿಗೊಮ್ಮೆ ಎದ್ದು ತೂಗುವ ಯಂತ್ರವಾದರೆ ಇದರಲ್ಲೇ ಅರ್ಧ ಕಾಲ ಹೋಗುತ್ತದೆ. ಅಂಥ ಕಡೆ ಎಡಿಎಸ್1220 ವಾಸಿ. ಸೆಕೆಂಡಿಗೆ 20 ಓದಿನ ವೇಗದಲ್ಲಿ 50 ಹರ್ಟ್ಸ್ ತಡೆದೂ ಮೊದಲ ಓದೇ ನಂಬಬಹುದಾದ್ದು. ಒಂದು ಓದಿಗೆ 55 ಮಿಲಿಸೆಕೆಂಡ್ ಎದ್ದಿದ್ದರೆ ಬ್ರಿಡ್ಜ್‌ನ ಸರಾಸರಿ ಬಳಕೆ 1 ಮಿಲಿಆಂಪಿಯರ್‌ಗೂ ಕೆಳಗೆ ಇಳಿಯುತ್ತದೆ. ಬ್ರಿಡ್ಜ್‌ನ ಮೈನಸ್ ತುದಿಯನ್ನು ಕಡಿಯುವ ಸ್ವಿಚ್ ಚಿಪ್ ಒಳಗೇ ಇದೆ. ಆದರೆ ಆ ಸ್ವಿಚ್‌ಗೂ ಕೆಲವು ಓಂ ರೋಧ ಇದೆ. ರೆಫರೆನ್ಸ್‌ನ ಮೈನಸ್ ಅನ್ನು ಗ್ರೌಂಡ್‌ನಿಂದ ತೆಗೆದುಕೊಂಡರೆ ತೂಕದಲ್ಲಿ ಶೇ. 1ರ ಆಸುಪಾಸು ತಪ್ಪು ಬರುತ್ತದೆ, ಬಿಸಿಯಾದಂತೆ ಅದೂ ಬದಲಾಗುತ್ತದೆ. ಸ್ವಿಚ್‌ನ ಬ್ರಿಡ್ಜ್ ಬದಿಯಿಂದಲೇ ತೆಗೆದುಕೊಳ್ಳಿ.

ಬ್ರಿಡ್ಜ್ ಆನ್ ಆದಾಗ ಗೇಜ್‌ಗಳು ತುಸು ಬಿಸಿಯಾಗುತ್ತವೆ, ಸೊನ್ನೆ ಸ್ವಲ್ಪ ಸರಿಯುತ್ತದೆ. ಹಾಗಾಗಿ ಯಂತ್ರ ಯಾವ ಲಯದಲ್ಲಿ ಎದ್ದು ಮಲಗುತ್ತದೋ ಅದೇ ಲಯದಲ್ಲಿ ಕ್ಯಾಲಿಬ್ರೇಷನ್ ಮಾಡಿ. ಸತತ ಆನ್ ಇಟ್ಟು ಕ್ಯಾಲಿಬ್ರೇಟ್ ಮಾಡಿ, ಬಳಕೆಯಲ್ಲಿ ಸೆಕೆಂಡಿಗೊಮ್ಮೆ ಎಬ್ಬಿಸಿದರೆ ಎರಡೂ ಹೊಂದುವುದಿಲ್ಲ.

ಮುಚ್ಚುವ ಮುನ್ನ

ಕಾಲು ಗಂಟೆ ಆನ್ ಇಟ್ಟು, ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಕ್ಯಾಲಿಬ್ರೇಷನ್ ಯಂತ್ರ ಬಳಸುವ ಊರಿನಲ್ಲೇ ಆಗಲಿ. ದೆಹಲಿಗಿಂತ ಬೆಂಗಳೂರಿನಲ್ಲಿ ಗುರುತ್ವ ಸುಮಾರು ಶೇ. 0.1 ಕಡಿಮೆ. ಅಲ್ಲಿ ಸರಿಮಾಡಿ ಕಳಿಸಿದ ತಕ್ಕಡಿ ಇಲ್ಲಿ ಕೆ.ಜಿ.ಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ, 30 ಕೆ.ಜಿ.ಗೆ ಆರು ವಿಭಾಗ. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಬರುವ ವ್ಯತ್ಯಾಸ ಇದು.

ವ್ಯಾಪಾರಕ್ಕೆ ಬಳಸುವ ತಕ್ಕಡಿಯಾದರೆ ಸೀಲು ಒಡೆಯುವ ಮೊದಲೇ ಯೋಚಿಸಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಅದನ್ನು ರಿಪೇರಿ ಮಾಡಲು ಪರವಾನಗಿ ಬೇಕು, ರಿಪೇರಿಯಾದ ಮೇಲೆ ಇಲಾಖೆಯಿಂದ ಮತ್ತೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಿಕೊಂಡೇ ಅಂಗಡಿಯಲ್ಲಿಡಬೇಕು. ತಪಾಸಣೆಗೆ ಕೊಡುವಾಗ ಆಟೋ ಝೀರೋ ಮತ್ತೆ ಆನ್ ಮಾಡಿದ್ದೀರಾ, ಪರೀಕ್ಷೆಗೆ ಹಾಕಿದ್ದ 1 ಮೆಗಾಓಂ ರೆಸಿಸ್ಟರ್ ಕಿತ್ತಿದ್ದೀರಾ ಎಂಬುದನ್ನು ಕವರ್ ಮುಚ್ಚುವ ಮೊದಲು ಒಮ್ಮೆ ನೋಡಿಕೊಳ್ಳಿ.